ಒಂಬತ್ತು ವ್ಯಾಟ್ ಆರಾಣೆ

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ಹದಿನಾಲ್ಕನೆಯ ಇಸವಿಯಲ್ಲಿ, ಒಂದು ಶನಿವಾರ. ಇಸವಿ ಮರೆತರೂ ನಡೆದೀತು, ವಾರವನ್ನು ಮಾತ್ರ ಮರೆಯುವಂತಿಲ್ಲ. ಯಾಕೆಂದರೆ ಮುಂದಿನ ಸೋಮವಾರ ನಮ್ಮ ಮಾಸ್ತರರು ಒಂದು ಹೊಸ ಪಾಠ ತೆಗೆದರು. ಆ ಒಂದು ಪಾಠ ತಪ್ಪಿದ್ದಕ್ಕೆ, ಹತ್ತೊಂಬತ್ತು ವರ್ಷಗಳಾದ ಮೇಲೆ, ಒಬ್ಬ ಮನುಷ್ಯನ ಕಣ್ಣು ಹೋಗುವುದರಲ್ಲಿತ್ತು.

ಇದು ಈಗ ನೆನಪಾಗಲು ಕಾರಣ ಒಂದು ತಂಬಾಕಿನ ಡಬ್ಬಿ. ನಿನ್ನೆ ಒಂದು ಸಣ್ಣ ತಿರುಪು ಬೇಕಾಗಿ ಆ ಡಬ್ಬಿಯನ್ನು ನೆಲಕ್ಕೆ ಸುರುವಿದೆ. ತಿರುಪು ಸಿಗಲಿಲ್ಲ. ಬೇಕಾದ ವಸ್ತು ಡಬ್ಬಿಯಲ್ಲಿ ಸಿಕ್ಕಿದ ದಿನ ನನ್ನ ಜನ್ಮದಲ್ಲಿಯೇ ಇಲ್ಲ. ಅದರ ಬದಲು ಕಡಲೆಕಾಳಿನಷ್ಟು ದೊಡ್ಡ ಒಂದು ವಿದ್ಯುತ್ ದೀಪ ಉರುಳಿ ಬಂತು. ಗಾಜಿನ ಒಳಗೆಲ್ಲ ಮಸಿ. ನನ್ನ ಹೆಂಡತಿ ಅದನ್ನು ಕಸದ ಜೊತೆ ಬಳಿಯಲು ಹೋದಳು.

“ಇದನ್ಯಾಕ ಇಟ್ಕೊಂಡ ಕುಂತೀರಿ? ಹತ್ತೂದಿಲ್ಲ, ಉರಿಯೂದಿಲ್ಲ.”

“ಅದು ಒಮ್ಮೆ ಹತ್ತೈತಿ,” ಅಂದೆ. “ಹತ್ತಬಾರದಷ್ಟ ಹತ್ತೈತಿ.”

ಮೂಡಲಗಿಯಲ್ಲಿ ನಮ್ಮದು ಗಾಣದ ಮನೆ. ನಮ್ಮಣ್ಣ ಸೊಲ್ಲಾಪುರದ ಗಿರಣಿಗೆ ಕೆಲಸಕ್ಕೆ ಹೋದದ್ದರಿಂದ ಗಾಣದ ಎತ್ತಿನ ಹಿಂದೆ ಸುತ್ತಲು ಒಬ್ಬ ಬೇಕಾದ. ಅಪ್ಪ ನನ್ನನ್ನು ಕರೆದು, ಮಗ್ಗಿ ಎಲ್ಲಿಯವರೆಗೆ ಬರುತ್ತವೆ ಎಂದು ಕೇಳಿದ. ಮೂವತ್ತರವರೆಗೆ ಎಂದೆ. “ಸಾಕ ಬಿಡು,” ಅಂದ. “ಎತ್ತಿಗೆ ಒಂದರ ಮಗ್ಗಿನೂ ಬರೂದಿಲ್ಲ. ಆದ್ರೂ ದಿನಾ ತಿರಗತೈತಿ.” ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು.

ಸೋಮವಾರ ಮಧ್ಯಾಹ್ನ ನನ್ನ ಜೊತೆಗಾರ ಮಲ್ಲಪ್ಪ ಪಾಟಿ ಹಿಡಿದುಕೊಂಡು ಗಾಣದ ಮುಂದೆ ಹಾದು ಹೊರಟಿದ್ದ. ನಾನು ಎತ್ತು ನಿಲ್ಲಿಸಿ, “ಇವತ್ತ ಏನ ಕಲಿಸಿದ್ರೋ?” ಎಂದು ಕೂಗಿದೆ.

“ಏನಿಲ್ಲೋ. ಚುಕ್ಕಿ ಇಡೂದ ಕಲಿಸಿದ್ರು.”

“ಚುಕ್ಕಿ? ನಮ್ಮವ್ವ ಸಾಲಿ ಕಟ್ಟಿ ಹತ್ತಿಲ್ಲ, ದಿನಾ ಬಾಗಲ ಮುಂದ ಚುಕ್ಕಿ ಇಡತಾಳ!”

ಇಬ್ಬರೂ ನಕ್ಕೆವು. ಎತ್ತು ಮತ್ತೆ ತಿರುಗಿತು. ನನಗೇನೂ ನಷ್ಟವಾಗಿಲ್ಲ ಎಂಬ ನಂಬಿಕೆಯಲ್ಲಿ ನಾನೂ ತಿರುಗಿದೆ.

ನಿಜ ಹೇಳಬೇಕೆಂದರೆ ಆ ನಂಬಿಕೆಗೆ ಆಧಾರವೂ ಇತ್ತು. ನಮ್ಮ ಕಾಲದ ಶಾಲೆಯಲ್ಲಿ ಪೂರ್ಣ ಸಂಖ್ಯೆಗಳ ಮಗ್ಗಿ ಮಾತ್ರವಲ್ಲ, ಮುರಿದ ಸಂಖ್ಯೆಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಪಾವಕಿ ಅಂದರೆ ಕಾಲಿನ ಮಗ್ಗಿ, ಸವಾಯಕಿ ಒಂದೂಕಾಲಿನದು, ದೀಡಕಿ ಒಂದೂವರೆಯದು, ಅಡೀಚಕಿ ಎರಡೂವರೆಯದು. ಇಡೀ ವರ್ಗ ಕೂಡಿ ಕೂಗುವಾಗ ಛಪ್ಪರದ ಮೇಲಿನ ಗುಬ್ಬಿಗಳು ಎದ್ದು ಹೋಗುತ್ತಿದ್ದವು. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಜಗತ್ತಿನಲ್ಲಿ ಒಡೆಯುವಂಥದ್ದು ಏನಿದ್ದರೂ ಕಾಲು, ಅರ್ಧ, ಮುಕ್ಕಾಲಾಗಿ ಒಡೆಯುತ್ತದೆ ಎಂದೇ ನಮ್ಮ ತಿಳಿವಳಿಕೆ. ರೊಟ್ಟಿ ಹಾಗೆಯೇ ಒಡೆಯುತ್ತದೆ, ಸೇರು ಹಾಗೆಯೇ ಒಡೆಯುತ್ತದೆ. ಮತ್ತೊಂದು ರೀತಿ ಯಾಕೆ ಬೇಕು?

ಗಾಣದ ಹಿಂದೆ ಐದಾರು ವರ್ಷ ಸುತ್ತಿದ ಮೇಲೆ, ಹೆಗಲ ಮೇಲೆ ಒಂದು ಕಂಬಳಿ ಹಾಕಿಕೊಂಡು, ಅರಭಾವಿಯ ದಾರಿ ಹಿಡಿದು ಗೋಕಾಕಕ್ಕೆ ನಡೆದು ಬಂದೆ. ಅಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಇಂಜಿನ್ನಿಗೆ ಎಣ್ಣೆ ಬಿಡುವ ಕೆಲಸ ಸಿಕ್ಕಿತು. ಇಂಜಿನ್ನಿನ ಬಾಜೂಕ್ಕೆ ಒಂದು ಡೈನಮೋ ಇತ್ತು. ಅದರ ಮೇಲ್ವಿಚಾರಣೆ ಹುಸೇನಸಾಬ ಮಿಸ್ತ್ರಿಯವರದು. ಹುಕ್ಕೇರಿ ಕಡೆಯವರು. ಎತ್ತರದ ಆಳು, ಬಿಳಿ ಗಡ್ಡ, ಕಿಸೆಯಲ್ಲಿ ಸದಾ ಒಂದು ಪಕ್ಕಡ, ತಂತಿ ಹಿಡಿದು ಕತ್ತರಿಸುವ ಇಕ್ಕಳ. ಶಾಲೆಯ ಮುಖವನ್ನೇ ಕಂಡವರಲ್ಲ. ಅಂಕಿ ಓದುತ್ತಿದ್ದರು, ಅಕ್ಷರ ಬರುತ್ತಿರಲಿಲ್ಲ. ನನ್ನನ್ನು ಮೊದಲ ದಿನ ಕೇಳಿದ್ದು ಒಂದೇ ಮಾತು.

“ಹನ್ನೆರಡಕ ದೀಡಪಟ್ಟು ಎಷ್ಟೋ ತಮ್ಮಾ?”

“ಹದಿನೆಂಟ್ರಿ.”

“ಉಸರ ತಗೊಳ್ಳದ ಹೇಳಿದಿ. ನಾಳಿಂದ ನನ್ನ ಕಡೆ ಬಾ.”

ಕರೆಂಟು ಅಂದರೆ ಏನು ಎಂದು ನಾನು ಕೇಳಿದಾಗ ಅವರು ನೀರಿನ ಉದಾಹರಣೆ ಕೊಡಲಿಲ್ಲ. ಪಕ್ಕದಲ್ಲಿಯೇ ಘಟಪ್ರಭೆ ಧುಮುಕುವ ಊರಿನಲ್ಲಿ ಇದ್ದೂ ಕೊಡಲಿಲ್ಲ. “ನೀರ ಕಣ್ಣಿಗೆ ಕಾಣತೈತಿ. ಕಂಡದ್ದನ್ನ ನಂಬಿ ಕೈ ಹಾಕತಿ. ಇದು ಕಾಣೂದಿಲ್ಲ. ಇದನ್ನ ಲೆಕ್ಕದಾಗನ ನೋಡಬೇಕು,” ಅಂದರು. ಆಮೇಲೆ ಹಲಗೆಯ ಮೇಲಿನ ಎರಡು ಮೀಟರುಗಳನ್ನು ತೋರಿಸಿದರು. ಒಂದು ವೋಲ್ಟ್ ಹೇಳುತ್ತದೆ, ಇನ್ನೊಂದು ಆಂಪೇರ್ ಹೇಳುತ್ತದೆ. ಒಂದು ನೂಕುವ ಬಲ, ಇನ್ನೊಂದು ಹರಿಯುವ ಮೊತ್ತ. “ಇವೆರಡ ಗೊತ್ತಾದ್ರ ಎಲ್ಲಾ ಗೊತ್ತಾದಂಗ. ವೋಲ್ಟನ್ನ ಆಂಪೇರಿನಿಂದ ಭಾಗಿಸಿದಿ, ತಡಿ ಬಂತು. ವೋಲ್ಟನ್ನ ಆಂಪೇರಿಗೆ ಗುಣಿಸಿದಿ, ಜೋರ ಬಂತು. ತಡಿಗೆ ಓಮ್ ಅಂತಾರ, ಜೋರಿಗೆ ವ್ಯಾಟ್ ಅಂತಾರ. ಮುಗೀತು ನಿನ್ನ ಕಾಲೇಜ.”

ಭಾಗಿಸಿದರೆ ತಡೆ, ಗುಣಿಸಿದರೆ ಜೋರು. ಹದಿನೈದು ದಿನ ನಾನು ಇದನ್ನು ಹಾಡಿನಂತೆ ಗುಣುಗುಣಿಸಿಕೊಂಡು ಓಡಾಡಿದೆ. ಜಿನ್ನಿನಲ್ಲಿಯ ಪ್ರತಿಯೊಂದು ದೀಪದ ತಡೆಯನ್ನೂ ಬಾಯಿಲೆಕ್ಕದಲ್ಲಿ ತೆಗೆದೆ. ನೂರಾ ಹತ್ತು ವೋಲ್ಟು. ಒಂದು ದೀಪ ಅರ್ಧ ಆಂಪೇರ್ ತಿಂದರೆ, ಅರ್ಧದಿಂದ ಭಾಗಿಸುವುದೆಂದರೆ ಎರಡರಿಂದ ಗುಣಿಸಿದ ಹಾಗೆ, ಇನ್ನೂರಾ ಇಪ್ಪತ್ತು ಓಮ್ ತಡೆ. ಜೋರು ಐವತ್ತೈದು ವ್ಯಾಟ್. ಮ್ಯಾಟ್ರಿಕ್ ಆದ ಕಾರಕೂನರು ಪೆನ್ಸಿಲು ಚೂಪು ಮಾಡುವುದರೊಳಗೆ ನನ್ನ ಉತ್ತರ ಹೊರಬಿದ್ದಿರುತ್ತಿತ್ತು. ಇದರಿಂದ ನನ್ನ ತಲೆ ಎಷ್ಟು ತಿರುಗಿತ್ತೆಂದರೆ, ಎದುರಿಗೆ ಬಂದವರಿಗೆಲ್ಲ ಲೆಕ್ಕ ಹಾಕುತ್ತಿದ್ದೆ.

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಆಂಪೇರ್ ಮೀಟರಿನಲ್ಲಿ ಒಂದು ಅಂಕಿಯಿಂದ ಮುಂದಿನ ಅಂಕಿಗೆ ನಡುವಿನ ಜಾಗವನ್ನು ಸಣ್ಣ ಗೆರೆಗಳಿಂದ ನಾಲ್ಕು ಭಾಗ ಮಾಡಿದ್ದರು. ಆದ್ದರಿಂದ ನಮಗೆ ಒಂದೊಂದು ಭಾಗ ನಾಲ್ಕಾಣೆ. ಮುಳ್ಳು ಎರಡು ದಾಟಿ ಎರಡನೆಯ ಗೆರೆಗೆ ನಿಂತರೆ ಮಿಸ್ತ್ರಿಯವರು “ಎರಡ ಆಂಪೇರ ಎಂಟಾಣೆ” ಅನ್ನುತ್ತಿದ್ದರು. ನಾನೂ ಹಾಗೆಯೇ ಅನ್ನುತ್ತಿದ್ದೆ. ಕರೆಂಟಿಗೆ ಆಣೆ ಹಚ್ಚುವುದು ತಪ್ಪು ಎಂದು ನಮಗೆ ಯಾರೂ ಹೇಳಲಿಲ್ಲ, ತಪ್ಪಾಗಿಯೂ ಇರಲಿಲ್ಲ. ಎಂಟಾಣೆ ಅಂದರೆ ಅರ್ಧ, ಅರ್ಧ ಅಂದರೆ ಅರ್ಧ. ಹೀಗೆ ಹತ್ತು ವರ್ಷ ಲೆಕ್ಕ ಬರೋಬರಿ ಬಂತು.

ಮುಂದೆ ಹುಕ್ಕೇರಿಯಲ್ಲಿ ಶೇಂಗಾ ಎಣ್ಣೆಯ ಒಂದು ಗಿರಣಿ ಹೊಸದಾಗಿ ಆಯಿತು. ಅಲ್ಲಿಯೂ ಡೈನಮೋ ಕೂಡಿಸಿದರು. ತಮ್ಮ ಊರ ಕಡೆ ಎಂದು ಮಿಸ್ತ್ರಿಯವರು ಹೊರಟರು, ಅವರ ಹಿಂದೆ ನಾನೂ ಹೊರಟೆ. ಗೋಕಾಕದ ಜಿನ್ನಿನವರು ತೆಗೆದು ಹಾಕಿದ್ದ ಹಳೆಯ ಆಂಪೇರ್ ಮೀಟರನ್ನು ಕೇಳಿಕೊಂಡು, ಮಗುವಿನಂತೆ ಕಂಬಳಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ತಂದೆವು. ಗಾಣದಿಂದ ಓಡಿ ಬಂದವನು ಮತ್ತೆ ಎಣ್ಣೆಯ ವಾಸನೆಗೇ ಬಂದು ಬಿದ್ದೆ. ಎತ್ತಿನ ಜಾಗದಲ್ಲಿ ಇಂಜಿನ್ನು, ಅಷ್ಟೇ ವ್ಯತ್ಯಾಸ.

ಹುಕ್ಕೇರಿಯ ಶಾಲೆಯಲ್ಲಿ ಮಾಸ್ತರನಾಗಿ ಯಾರು ಇದ್ದರೆಂದುಕೊಂಡಿರಿ? ಮಲ್ಲಪ್ಪ! ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ರುಮಾಲು ಸುತ್ತಿಕೊಂಡು, ಮಲ್ಲಪ್ಪ ಮಾಸ್ತರನಾಗಿದ್ದ. ನನಗೆ ಸಂತೋಷವಾಗಬೇಕಾಗಿತ್ತು, ಆದದ್ದು ಹೊಟ್ಟೆಕಿಚ್ಚು. ಮಗ್ಗಿಯಲ್ಲಿ ನನ್ನ ಹಿಂದೆ ಕೂಡುತ್ತಿದ್ದವನು ಅವನು. ಸಂತೆಯಲ್ಲಿ ಸಿಕ್ಕಾಗಲೆಲ್ಲ ಜನರ ಮುಂದೆ ಕೇಳುತ್ತಿದ್ದೆ: “ಏನ್ ಮಾಸ್ತರ, ಒಂದೂ ಮುಕ್ಕಾಲರ ದೀಡಪಟ್ಟು ಎಷ್ಟು?” ಅವನು ಪಾಟಿ ಹುಡುಕುವವನಂತೆ ಕೈಯಾಡಿಸುತ್ತಿದ್ದ. ನಾನು ಗಟ್ಟಿಯಾಗಿ “ಎರಡು, ಮ್ಯಾಲ ಹತ್ತಾಣೆ” ಎಂದು ಹೇಳಿ, ಬದನೆಕಾಯಿ ಆರಿಸಿಕೊಳ್ಳುತ್ತಿದ್ದೆ. ಕೊನೆಕೊನೆಗೆ ಅವನು ನನ್ನನ್ನು ಕಂಡರೆ ಮೆಣಸಿನಕಾಯಿಯವರ ಸಾಲಿಗೆ ಹೊರಳುವುದಕ್ಕೆ ಹತ್ತಿದ.

ಅದೇ ದಿನಗಳಲ್ಲಿ ಮಿಸ್ತ್ರಿಯವರ ಕಣ್ಣಿಗೆ ಪೊರೆ ಬಂತು. ಎಡಗಣ್ಣು ಎಂದೋ ಹೋಗಿತ್ತು. ಬಲಗಣ್ಣಿನಲ್ಲಿ ಮೊದಲು ಹೊಗೆ, ಆಮೇಲೆ ಹಾಲು, ಕೊನೆಗೆ ಗೋಡೆ ಎಂದು ಅವರೇ ಹೇಳುತ್ತಿದ್ದರು. ಗಿರಣಿಯ ಸಾವಕಾರರಿಗೆ ತಿಳಿದರೆ ಕೆಲಸ ಹೋಗುತ್ತದೆ. ಡೈನಮೋ ನೋಡಿಕೊಳ್ಳುವವನಿಗೆ ಕಣ್ಣಿಲ್ಲ ಎಂದರೆ ಯಾರು ಇಟ್ಟುಕೊಳ್ಳುತ್ತಾರೆ? ಆದ್ದರಿಂದ ನಾನು ಅವರ ಪಕ್ಕ ನಿಂತು, ಕೆಮ್ಮಿದಂತೆ ಮಾಡಿ, ಮೀಟರು ಓದಿ ಹೇಳುತ್ತಿದ್ದೆ. ಅವರು ಗೋಡೆಯ ಕಡೆ ಮುಖ ಮಾಡಿ, ಎಲ್ಲ ಕಂಡವರ ಹಾಗೆ “ಹಾಂ, ಬರೋಬರಿ” ಅನ್ನುತ್ತಿದ್ದರು. ಇಂಜಿನ್ನಿನಿಂದ ಡೈನಮೋ ತಿರುಗಿಸುವ ಪಟ್ಟಾದ ಸದ್ದು ಕೇಳಿಯೇ ವೋಲ್ಟು ಹೇಳುವಷ್ಟು ಕಿವಿ ಅವರಿಗೆ. ಆದರೂ ಕಿವಿಯಿಂದ ತಂತಿ ಜೋಡಿಸಲು ಬರುವುದಿಲ್ಲವಲ್ಲ.

ಆಗ ಊರಿನ ಮಠದ ಪಡಸಾಲೆಯಲ್ಲಿ ಮೂರು ದಿನ ಕಣ್ಣಿನ ಡಾಕ್ಟರರು ಕೂಡುತ್ತಾರೆ ಎಂದು ಡಂಗುರ ಸಾರಿದರು. ಯಮಕನಮರಡಿ, ಹತ್ತರಗಿ ಕಡೆಯಿಂದ ಚಕ್ಕಡಿಗಳಲ್ಲಿ ಮುದುಕರು ಬಂದಿಳಿದರು. ಮಿಸ್ತ್ರಿಯವರನ್ನು ನಾನೇ ಕೈ ಹಿಡಿದು ಕರೆದೊಯ್ದೆ. ಡಾಕ್ಟರರು ರೆಪ್ಪೆ ಎತ್ತಿ ನೋಡಿ, “ಪೊರಿ ಪಕ್ಕಾ ಆಗೇತಿ. ಈಗ ತಗದ್ರ ಕಣ್ಣ ಬರತೈತಿ. ವರ್ಷ ಬಿಟ್ರ ಹೇಳಾಕ ಬರೂದಿಲ್ಲ,” ಎಂದರು. ಸರತಿ ಮೂರನೆಯ ದಿನಕ್ಕೆ, ಗುರುವಾರಕ್ಕೆ ಬಂತು.

ಆಷಾಢದ ಮೋಡ ಊರ ಮೇಲೆ ಕೂತಿತ್ತು. ಹಾಡಹಗಲೇ ಪಡಸಾಲೆಯಲ್ಲಿ ಮಬ್ಬು. ಡಾಕ್ಟರರ ಕೈದೀಪದ ಬ್ಯಾಟರಿ ಗುರುವಾರ ಮುಂಜಾನೆ ಇಬ್ಬರ ಕಣ್ಣು ಮುಗಿಸುವುದರೊಳಗೆ ಸತ್ತಿತು. ಇನ್ನೊಂದು ತರಿಸಲು ಬೆಳಗಾವಿಗೆ ಹೋಗಬೇಕು. ಡಾಕ್ಟರರು ಸಂಜೆಯ ಮೋಟಾರಿಗೆ ಹೊರಡುವವರು. ಅವರು ಕೈ ತೊಳೆದುಕೊಂಡು, “ಈ ಮಬ್ಬಿನ್ಯಾಗ ನಾ ಕಣ್ಣಿಗೆ ಕೈ ಹಚ್ಚೂದಿಲ್ಲ. ಉಳಿದವರು ಮುಂದಿನ ವರ್ಷ ಬರ್ರಿ,” ಎಂದರು.

ಮಿಸ್ತ್ರಿಯವರು ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದರು. ಕಿಸೆಯಿಂದ ಪಕ್ಕಡ ತೆಗೆದು ಒಮ್ಮೆ ಬಿಚ್ಚಿದರು, ಒಮ್ಮೆ ಮುಚ್ಚಿದರು.

ನಾನು ಮುಂದೆ ನುಗ್ಗಿದೆ. “ಸಾಹೇಬ್ರ, ಗೋಡಿ ಆಚೀಕ ನಮ್ಮ ಗಿರಣಿ ಐತ್ರಿ. ಡೈನಮೋ ನಡದೈತಿ. ನಿಮ್ಮ ದೀಪಕ್ಕ ಕರೆಂಟ್ ನಾ ಕೊಡತೀನ್ರಿ.”

“ನಿಮ್ಮದು ನೂರಾ ಹತ್ತು ವೋಲ್ಟ್. ಇದಕ್ಕ ಬೇಕಾದದ್ದು ಆರ. ಲೆಕ್ಕಾ ಬರತೈತೇನು ನಿಮಗ?”

“ಹುಟ್ಟಿದಾಗಿಂದ ಬರತೈತ್ರಿ.”

ಆ ಮಾತನ್ನು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತವೆ.

ಡಾಕ್ಟರರ ಪೆಟ್ಟಿಗೆಯಲ್ಲಿ ಅಂಥ ಸಣ್ಣ ದೀಪ ಎರಡೇ ಇದ್ದವು. ಅವುಗಳ ಜೊತೆ ಒಂದು ಅಚ್ಚಿನ ಚೀಟಿ. ಅದರಲ್ಲಿ ಎರಡೇ ಅಂಕಿ: ಆರು ವೋಲ್ಟ್, ಮತ್ತು 0.25 ಆಂಪೇರ್. ನಾನು ಓದಿದೆ. ಅಂಗಡಿಯ ಚೀಟಿಗಳಲ್ಲಿ ಮೊದಲು ರೂಪಾಯಿ, ಆಮೇಲೆ ಚುಕ್ಕೆ, ಆಮೇಲೆ ಆಣೆ ಬರೆಯುವುದನ್ನು ಎಷ್ಟು ಕಂಡಿಲ್ಲ! ಸೊನ್ನೆ ರೂಪಾಯಿ, ಇಪ್ಪತ್ತೈದು ಆಣೆ. ನನಗೆ ಒಳಗೊಳಗೇ ನಗು ಬಂತು. ಇಪ್ಪತ್ತೈದು ಆಣೆ ಎಂದು ಯಾರಾದರೂ ಬರೆಯುತ್ತಾರೆಯೇ? ಒಂದು ರೂಪಾಯಿ ಒಂಬತ್ತಾಣೆ ಎಂದು ಬರೆಯಬೇಕು. ಇಷ್ಟು ದೊಡ್ಡ ದೀಪ ಮಾಡುವವರಿಗೆ, ಅಲ್ಲ, ಇಷ್ಟು ಸಣ್ಣ ದೀಪ ಮಾಡುವವರಿಗೆ, ಆಣೆಯನ್ನು ರೂಪಾಯಿ ಮಾಡಲೂ ಬರುವುದಿಲ್ಲವಲ್ಲ ಎಂದುಕೊಂಡೆ. ಒಂದು ಆಂಪೇರ್ ಒಂಬತ್ತಾಣೆ. ಅಂದರೆ ದೀಡ ಆಂಪೇರಿಗೆ ಒಂದಾಣೆ ಹೆಚ್ಚು.

ಉಳಿದದ್ದೆಲ್ಲ ನೀರು ಕುಡಿದ ಹಾಗೆ. ನೂರಾ ಹತ್ತರಲ್ಲಿ ಆರು ವೋಲ್ಟು ದೀಪಕ್ಕೆ. ಉಳಿದ ನೂರಾ ನಾಲ್ಕು ವೋಲ್ಟನ್ನು ನಡುವೆ ಒಂದು ತಡೆ ಇಟ್ಟು ತಿನ್ನಿಸಬೇಕು. ನೂರಾ ನಾಲ್ಕನ್ನು ಆಣೆ ಮಾಡಿದರೆ ಸಾವಿರದ ಆರು ನೂರಾ ಅರವತ್ನಾಲ್ಕು. ಅದನ್ನು ಇಪ್ಪತ್ತೈದರಿಂದ ಭಾಗಿಸಿದರೆ ಅರವತ್ತಾರೂವರೆ ಓಮ್. ನಮ್ಮ ಗಿರಣಿಯ ಅರವತ್ತು ವ್ಯಾಟಿನ ಒಂದು ದೀಪದ ತಡೆ ಇನ್ನೂರು ಓಮಿನ ಹತ್ತಿರ. ಮೂರು ದೀಪಗಳನ್ನು ಬಾಜೂ ಬಾಜೂಕ್ಕೆ ಜೋಡಿಸಿದರೆ ಕರೆಂಟಿಗೆ ಮೂರು ದಾರಿ, ತಡೆ ಮೂರನೆಯ ಒಂದು ಪಾಲು. ಅರವತ್ತಾರು, ಅರವತ್ತೇಳು. ನೋಡಿದಿರಾ, ಸೃಷ್ಟಿಕರ್ತನೇ ಕೂತು ಲೆಕ್ಕ ಹಾಕಿಟ್ಟ ಹಾಗೆ!

ಮಿಸ್ತ್ರಿಯವರು ಸಣ್ಣ ದೀಪವನ್ನು ಕೈಗೆ ಈಸಿಕೊಂಡು ಬೆರಳಿನಿಂದ ತಡವಿದರು. “ಜೋರ ಎಷ್ಟ ಬಂತೋ ಗುರಸಿದ್ದಾ?”

ಗುಣಿಸಿದೆ. “ಒಂಬತ್ತ ವ್ಯಾಟ್ ಆರಾಣೆ ರೀ.”

“ಈ ಕಡ್ಲಿಕಾಳ ಒಂಬತ್ತ ವ್ಯಾಟ್ ತಿಂತೈತಿ?”

“ಡಾಕ್ಟರ್ ಸಾಹೇಬ್ರ ದೀಪ ಅಲ್ಲೇನ್ರಿ ಉಸ್ತಾದ. ತಿಂತೈತಿ.”

ಅವರು ತಲೆ ಅಲ್ಲಾಡಿಸಿದರು. ಆದರೂ ಸುಮ್ಮನಾದರು, ಓದಿದವನು ನಾನು, ಕಣ್ಣಿದ್ದವನು ನಾನು.

ಗೋಡೆಯ ಮೇಲಿಂದ ತಂತಿ ಎಳೆದೆ. ಮೂರು ದೀಪ ಜೋಡಿಸಿದೆ. ಗೋಕಾಕದ ಮೀಟರನ್ನು ನಡುವೆ ಇಟ್ಟು ಅಳೆದೆ. ಮುಳ್ಳು ದೀಡ ಆಂಪೇರನ್ನು ಚೂರು ದಾಟಿ ನಿಂತಿತು. ಲೆಕ್ಕ ಹೇಳಿದ್ದನ್ನೇ ಮುಳ್ಳೂ ಹೇಳಿತು. ಎದೆ ಉಬ್ಬಿತು. ಡಾಕ್ಟರರ ಎದುರಿಗೇ ಸಣ್ಣ ದೀಪವನ್ನು ಸಿಕ್ಕಿಸಿ ಗುಂಡಿ ಒತ್ತಿದೆ.

ಪಡಸಾಲೆಯ ಕಂಬದ ಮೇಲಿನ ಕೆತ್ತನೆಯೆಲ್ಲ ಒಮ್ಮೆ ಕಂಡು ಹೋಯಿತು. ಟಿಕ್ ಎಂದು ಸದ್ದು. ಆಮೇಲೆ ಮೊದಲಿಗಿಂತ ಹೆಚ್ಚು ಮಬ್ಬು.

“ದೀಪ ಹಳೇದ್ರಿ,” ಎಂದೆ. ಈ ಮಾತು ನನ್ನ ಬಾಯಿಂದ ಬರಲು ಒಂದು ಕ್ಷಣವೂ ಹಿಡಿಯಲಿಲ್ಲ. ದೀಡಕಿಗಿಂತ ಬೇಗ ಬಂತು.

ಡಾಕ್ಟರರು ಸುಟ್ಟ ದೀಪವನ್ನು ನನ್ನ ಅಂಗೈಯಲ್ಲಿ ಇಟ್ಟರು. “ಇನ್ನೊಂದ ಐತಿ. ಅದೂ ಹೋದ್ರ ನನ್ನ ಕೈ ಕಟ್ಟಿದಂಗ. ಕೊಡಬೇಕೋ ಬ್ಯಾಡೋ, ವಿಚಾರ ಮಾಡಿ ಹೇಳತೀನಿ,” ಎಂದು ಚಹಾ ಕುಡಿಯಲು ಒಳಗೆ ಹೋದರು.

ಮಿಸ್ತ್ರಿಯವರು ಬೆಂಚಿನ ಮೇಲಿಂದಲೇ ಕರೆದರು. “ಸಪ್ಪಳ ಕೇಳ್ತು. ಯಾರ ಜೀವ ಹೋತು?”

“ದೀಪದ್ದರಿ.”

“ಹಳೇದಾಗಿ ಹೋದ ದೀಪ ಸುಮ್ಮನ ಹೋಗತೈತಿ. ಇದು ಹೊಟ್ಟಿ ಒಡದ ಹೋತು. ನಾ ಹೇಳಿದ್ನಿಲ್ಲೋ, ಕಡ್ಲಿಕಾಳಿಗೆ ಒಂಬತ್ತ ವ್ಯಾಟ್ ಸುಳ್ಳ. ಗುಣಿಸೂದರಾಗ ನೀ ತಪ್ಪಂಗಿಲ್ಲ. ಓದೂದರಾಗ ತಪ್ಪೀದಿ. ಚೀಟಿ ತಗದ ಒಂದೊಂದ ಅಂಕಿ ಹೇಳು.”

“ಸೊನ್ನಿ. ಚುಕ್ಕಿ. ಎರಡ. ಐದ.”

“ಚುಕ್ಕಿ ಯಾಕ ಐತಿ?”

ಎತ್ತಿನ ಹಿಂದೆ ನಿಂತು ನಕ್ಕ ಒಬ್ಬ ಹುಡುಗ, ಪಾಟಿ ಹಿಡಿದು ಹೊರಟ ಇನ್ನೊಬ್ಬ ಹುಡುಗ, ಇಬ್ಬರೂ ಕಣ್ಣ ಮುಂದೆ ಬಂದು ನಿಂತರು. ಚುಕ್ಕಿ ಇಡೂದ ಕಲಿಸಿದ್ರು!

“ಉಸ್ತಾದ, ಇದು ನಾ ಬಿಟ್ಟ ಪಾಠರಿ,” ಎಂದೆ.

“ಹಂಗಾರ ಹೋಗಿ ಕಲತ ಬಾ. ಸಂಜೀ ಮೋಟಾರ್ ಬರೂದರಾಗ ಬಾ.” ಇಷ್ಟನ್ನು ಅವರು ನಗುತ್ತಲೇ ಹೇಳಿದರು. ಆದರೆ ಕೈಯಲ್ಲಿಯ ಪಕ್ಕಡ ಬಿಚ್ಚುತ್ತಲೂ ಮುಚ್ಚುತ್ತಲೂ ಇತ್ತು.

ಮಠದಿಂದ ಶಾಲೆಗೆ ಇನ್ನೂರು ಹೆಜ್ಜೆ. ಅಂದು ಆ ದಾರಿಯಲ್ಲಿ ನನಗಾದಷ್ಟು ತಡೆಯನ್ನು ನಾನು ಯಾವ ತಂತಿಯಲ್ಲಿಯೂ ಅಳೆದಿಲ್ಲ. ಡಾಕ್ಟರರನ್ನೇ ಕೇಳಿಬಿಡಬಹುದಾಗಿತ್ತು. ಕೇಳಿದರೆ, ಅಂಕಿ ಓದಲು ಬಾರದವನ ಕೈಗೆ ಎರಡನೆಯ ದೀಪ ಯಾರು ಕೊಡುತ್ತಾರೆ? ಹೀಗೆಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ಹುಟ್ಟಿದಾಗಿನಿಂದ ಲೆಕ್ಕ ಬರುತ್ತದೆ ಎಂದ ಬಾಯಿಂದಲೇ ಬಾರದು ಎನ್ನುವುದು ನನ್ನಿಂದಾಗಲಿಲ್ಲ.

ಮಲ್ಲಪ್ಪ ನಲವತ್ತು ಮಕ್ಕಳ ಮುಂದೆ ನಿಂತು ಭೂಗೋಳ ಹೇಳುತ್ತಿದ್ದ. ಬಾಗಿಲಲ್ಲಿ ನನ್ನನ್ನು ಕಂಡು, ಇಲ್ಲಿ ಹೊರಳಿಕೊಳ್ಳಲು ಮೆಣಸಿನಕಾಯಿಯ ಸಾಲೂ ಇಲ್ಲವಲ್ಲ ಎಂಬಂತೆ ಆಚೀಚೆ ನೋಡಿದ.

“ಏನಪಾ, ಲೆಕ್ಕಾ ಕೇಳಾಕ ಸಾಲಿತನಕ ಬಂದ್ಯಾ?”

“ಲೆಕ್ಕಾ ಹೇಳಿಸಿಕೊಳ್ಳಾಕ ಬಂದೇನಿ.”

ಅವನು ರುಮಾಲು ಸರಿ ಮಾಡಿಕೊಂಡ. ನಾನು ಚೀಟಿ ಕೊಟ್ಟೆ. ಯಾರ ಕಣ್ಣಿಗಾಗಿ ಎಂಬುದನ್ನೂ ಹೇಳಿದೆ. ಅವನು ಚೀಟಿ ನೋಡಿದ, ನನ್ನ ಮುಖ ನೋಡಿದ. ಸಂತೆಯಲ್ಲಿ ಆದ ಅಪಮಾನಗಳನ್ನೆಲ್ಲ ಬಡ್ಡಿಸಹಿತ ತೀರಿಸಲು ಅದಕ್ಕಿಂತ ಒಳ್ಳೆಯ ಮುಹೂರ್ತ ಇರಲಿಲ್ಲ.

“ಹತ್ತೊಂಬತ್ತ ವರ್ಷ ಆತಲ್ಲೋ! ಸೋಮವಾರದ ಪಾಠಕ್ಕ ಗುರುವಾರ ಬಂದಿ,” ಅಂದ. ಅಷ್ಟೇ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಹಲಗೆಯತ್ತ ತಿರುಗಿದ. ನಾನು ಮಕ್ಕಳ ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ನೆಲಕ್ಕೆ ಕೂತೆ.

“ಚುಕ್ಕಿ ಈಚೀಕಿದ್ದದ್ದು ಪೂರ್ತಿ. ಆಚೀಕಿದ್ದದ್ದು ಮುರಕಾ. ನಿನ್ನ ಹದಿನಾರಾಣೆ ಇಲ್ಲಿ ಮರತ ಬಿಡು. ಚುಕ್ಕಿ ಆಚೀಕ ಎರಡ ಅಂಕಿ ಇದ್ರ, ರೂಪಾಯಿಗೆ ನೂರ ಆಣೆ ಅಂತ ತಿಳಿ.”

“ರೂಪಾಯಿಗೆ ನೂರಾಣೆ? ಯಾವ ಊರಾಗ?”

“ಚುಕ್ಕಿ ಊರಾಗ.”

ಮಕ್ಕಳು ಕಿಲಕಿಲ ನಕ್ಕವು. ನಾನು ಮಾತ್ರ ನೂರರಲ್ಲಿ ಇಪ್ಪತ್ತೈದು ಎಷ್ಟು ಸಲ ಹಿಡಿಯುತ್ತದೆ ಎಂದು ನೋಡುತ್ತಿದ್ದೆ. ನಾಲ್ಕು ಇಪ್ಪತ್ತೈದು ನೂರು. ನಾಲ್ಕರಲ್ಲಿ ಒಂದು. “ಪಾವು!” ಎಂದು ಕೂಗಿಬಿಟ್ಟೆ. “ಪಾವ್ ಆಂಪೇರೋ ಮಲ್ಲಪ್ಪಾ! ಕಾಲ ಆಂಪೇರ್!” ಇಷ್ಟು ದೊಡ್ಡ ಚುಕ್ಕೆಯನ್ನು ದಾಟಿ ಬಂದು ನೋಡಿದರೆ ಆಚೆಗೆ ಇದ್ದದ್ದು ನನ್ನ ಹಳೆಯ ಪಾವಕಿಯೇ.

ಓಡುತ್ತ ಓಡುತ್ತಲೇ ಲೆಕ್ಕ ಮುಗಿಯಿತು. ಕಾಲಿನಿಂದ ಭಾಗಿಸುವುದೆಂದರೆ ನಾಲ್ಕರಿಂದ ಗುಣಿಸುವುದು. ನೂರಾ ನಾಲ್ಕು ನಾಲ್ಕಲೆ ನಾಲ್ಕು ನೂರಾ ಹದಿನಾರು ಓಮ್. ನಾನು ಇಟ್ಟದ್ದು ಅರವತ್ತಾರೂವರೆ. ಕಾಲು ಆಂಪೇರ್ ತಿನ್ನುವ ಕೂಸಿನ ಬಾಯಿಗೆ ಅದರ ಆರು ಪಟ್ಟು ತುರುಕಿದ್ದೆ. ಗಿರಣಿಯ ಗೋದಾಮಿನಲ್ಲಿ ಇಪ್ಪತ್ತೈದು ವ್ಯಾಟಿನ ಸಣ್ಣ ದೀಪಗಳಿದ್ದವು. ಒಂದೊಂದರ ತಡೆ ನಾಲ್ಕು ನೂರಾ ಎಂಬತ್ತರ ಮೇಲೆ. ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಹೆಚ್ಚಾದರೆ ಭಯವಿಲ್ಲ. ಅಂಥದು ಒಂದೇ ಸಾಕು. ಒಂದನ್ನು ಎತ್ತಿಕೊಂಡೆ.

ಮಠಕ್ಕೆ ಬಂದಾಗ ಡಾಕ್ಟರರು ಪೆಟ್ಟಿಗೆಯ ಮುಂದೆ ನಿಂತಿದ್ದರು. ಕೈಯಲ್ಲಿ ಎರಡನೆಯ ದೀಪ. “ಏನ ಮಾಡೂಣ್ರಿ? ದೀಪ ಹಳೇದ ಅಂದಿರಿ. ಇದೂ ಅದರ ಜೋಡೀದ.”

ಮಿಸ್ತ್ರಿಯವರ ಮುಖ ನನ್ನ ಕಡೆ ತಿರುಗಿತ್ತು. ಅವರಿಗೆ ನಾನು ಕಾಣುತ್ತಿರಲಿಲ್ಲ. ಕಾಣದ ಆ ಕಣ್ಣಿನ ಎದುರಿಗೆ ಇನ್ನೊಮ್ಮೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ದೀಪ ಹಳೇದಲ್ರಿ ಸಾಹೇಬ್ರ. ತಪ್ಪ ನಂದರಿ. ಚುಕ್ಕಿ ಓದಾಕ ನನಗ ಬರ್ತಿರಲಿಲ್ಲ. ಈಗ ಹೋಗಿ ಕಲತ ಬಂದೇನಿ.”

ಡಾಕ್ಟರರು ದೀಪವನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದರು. ಅಂಗಳದಲ್ಲಿ ಮಳೆಯ ನಾಲ್ಕು ಹನಿ ಬಿದ್ದವು. ಅವರು ಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ ಎಂದೇ ನಾನು ತಿಳಿದೆ.

“ಈಗ ಜೋರ ಎಷ್ಟ ಬರತೈತಿ?” ಎಂದು ಕೇಳಿದವರು ಡಾಕ್ಟರರಲ್ಲ, ಮಿಸ್ತ್ರಿಯವರು.

“ಆರ ಪಾವಲೆ ದೀಡ. ದೀಡ ವ್ಯಾಟ್ ರೀ.”

“ಹಾಂ!” ಎಂದು ಅವರು ತೊಡೆ ತಟ್ಟಿಕೊಂಡರು. “ಇದು ನೋಡ್ರಿ ಸಾಹೇಬ್ರ, ಕಡ್ಲಿಕಾಳಿನ ಊಟ. ಕೊಡ್ರಿ ಅವಗ. ನನ್ನ ಕಣ್ಣ ನಾ ಕೊಡಾಕ ತಯಾರದೇನಿ, ನಿಮಗ ದೀಪದ ಚಿಂತಿ ಏನು?”

ಡಾಕ್ಟರರು ನಕ್ಕು ದೀಪ ಕೊಟ್ಟರು.

ಈ ಸಲ ನಾನು ಯಾರನ್ನೂ ನಂಬಲಿಲ್ಲ, ನನ್ನನ್ನು ಮೊದಲೇ ನಂಬಲಿಲ್ಲ. ಸಣ್ಣ ದೀಪ ಸಿಕ್ಕಿಸದೆ, ಮೊದಲು ಗಿರಣಿಯ ದೀಪ ಒಂದನ್ನೇ ಹತ್ತಿಸಿ ಮೀಟರು ನೋಡಿದೆ. ಮುಳ್ಳು ಮೊದಲನೆಯ, ನಾಲ್ಕಾಣೆಯ ಗೆರೆಗೆ ಒಂದು ಕೂದಲೆಳೆ ಈಚೆ ನಿಂತಿತು. ಗಟ್ಟಿಯಾಗಿ ಓದಿ ಹೇಳಿದೆ. “ಬರೋಬರಿ,” ಎಂದರು ಮಿಸ್ತ್ರಿಯವರು, ಗೋಡೆಯ ಕಡೆ ನೋಡುತ್ತ. ಡಾಕ್ಟರರ ಕೈದೀಪದ ಹಿಡಿಕೆಗೆ, ಕರೆಂಟು ತಾಗದಂತೆ, ರಬ್ಬರಿನ ಪಟ್ಟಿ ಎರಡು ಸುತ್ತು ಸುತ್ತಿದೆ. ಆಮೇಲೆ ಸಣ್ಣ ದೀಪ ಸಿಕ್ಕಿಸಿದೆ. ಗುಂಡಿ ಒತ್ತಿದೆ. ಅದು ಮಿಂಚಲಿಲ್ಲ, ಸಿಡಿಯಲಿಲ್ಲ. ಅವ್ವ ದೇವರ ಮುಂದೆ ಹಚ್ಚಿದ ಹಣತೆಯಂತೆ ಸಮನಾಗಿ ಹತ್ತಿಕೊಂಡು ಕೂತಿತು. ಮುಂದೆ ಒಂದು ತಾಸು ಮಿಸ್ತ್ರಿಯವರದೂ ಉಳಿದ ನಾಲ್ವರದೂ ಕಣ್ಣು ಮುಗಿಯುವವರೆಗೆ, ನಾನು ಹೊರಗೆ ಮೀಟರಿನ ಮುಂದೆ ತುದಿಗಾಲಲ್ಲಿ ಕೂತು ಮುಳ್ಳನ್ನೇ ನೋಡುತ್ತಿದ್ದೆ. ಹೊರಡುವಾಗ ಡಾಕ್ಟರರು, ನಾನು ಕೈಯಲ್ಲಿ ಹಿಡಿದಿದ್ದ ಸುಟ್ಟ ದೀಪವನ್ನು ತೋರಿಸಿ, “ಅದು ನಿಮ್ಮ ಹಂತೇಕನ ಇರಲಿ,” ಎಂದರು.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮಿಸ್ತ್ರಿಯವರ ಮನೆಯಲ್ಲಿ ನಾನೂ ಇದ್ದೆ. ಅವರು ಕಣ್ಣು ಕಿರಿದು ಮಾಡಿ, ದಪ್ಪ ಗಾಜಿನ ಚಷ್ಮಾ ಏರಿಸಿ, ಮೊದಲು ತಮ್ಮ ಕೈ ನೋಡಿಕೊಂಡರು, ಆಮೇಲೆ ಹೆಂಡತಿಯನ್ನು ನೋಡಿದರು, ಕೊನೆಗೆ ನನ್ನನ್ನು.

“ಅಲ್ಲಲೇ, ನೀ ಯಾವಾಗ ಇಷ್ಟ ಮುದಕ ಆದಿ?”

“ನಿಮ್ಮ ದೀಪ ಹತ್ತೂತನಕ ಕಾದ್ನೆಲ್ರಿ, ಆವಾಗ,” ಎಂದೆ.

ಅವರು ಮತ್ತೆ ಆರು ವರ್ಷ ಗಿರಣಿಯಲ್ಲಿ ದುಡಿದರು. ಮೀಟರನ್ನು ತಾವೇ ಓದುತ್ತಿದ್ದರು, ಆಣೆಯಲ್ಲಿಯೇ. ಚುಕ್ಕೆಯ ಲೆಕ್ಕ ಹೇಳಿಕೊಡಲೇ ಎಂದು ಒಮ್ಮೆ ಕೇಳಿದೆ. “ಆ ಊರಿಗೆ ನೀ ಹೋಗಿ ಬಂದೀಯಲ್ಲ, ಸಾಕು,” ಅಂದರು. ಸಂತೆಯಲ್ಲಿ ಮಲ್ಲಪ್ಪ ಸಿಕ್ಕರೆ ಈಗ ನಾನು ಲೆಕ್ಕ ಕೇಳುವುದಿಲ್ಲ. ಅವನೇ ಕೇಳುತ್ತಾನೆ, ಚುಕ್ಕೆ ಇಟ್ಟು. ಹೇಳುತ್ತೇನೆ. ಒಂದೊಂದು ಸಲ ತಪ್ಪುತ್ತೇನೆ. ತಪ್ಪಿದರೆ ಅವನು ಬದನೆಕಾಯಿ ಆರಿಸಿಕೊಳ್ಳುತ್ತಾನೆ.

ಮಿಸ್ತ್ರಿಯವರು ಹೋದ ಮೇಲೆ ಅವರ ಮನೆಯವರು ಎರಡು ವಸ್ತುಗಳನ್ನು ತಂದು ನನ್ನ ಕೈಗೆ ಕೊಟ್ಟರು. ಅವನ್ನೂ, ಡಬ್ಬಿಯಲ್ಲಿ ಹಿಡಿಯದ ಸಾಮಾನನ್ನೂ ಸೇರಿಸಿ, ನಿನ್ನೆ ಸುರುವಿದ್ದನ್ನು ಮತ್ತೆ ಎತ್ತಿಡುವಾಗ ಎಣಿಸಿದೆ. ಈಗ ನನ್ನ ಹತ್ತಿರ ಇರುವುದು: ನನ್ನದೊಂದು ಮಿಸ್ತ್ರಿಯವರದೊಂದು ಪಕ್ಕಡ ಎರಡು, ತಿರುಪುಳಿ ಮೂರು, ಗೋಕಾಕದ ಮೀಟರು ಒಂದು, ಒಂದೇ ಕಣ್ಣಿಗೆ ಗಾಜಿರುವ ಚಷ್ಮಾ ಒಂದು, ಸುಟ್ಟ ದೀಪ ಒಂದು. ಒಟ್ಟು ಎಂಟು. ಚುಕ್ಕೆಯ ಆಚೆ ಏನೂ ಇಲ್ಲ.